‘ಕೇಬಲ್ ನೋಡಿ’ ಎಂದಾಕ್ಷಣ ಡಿಸ್ಕ್ ಬಿಸಾಡಬೇಡಿ

ಕಂಪ್ಯೂಟರಿನ ಕಪ್ಪು ಪರದೆ ಹೇಳುವುದೇನು? ಬೂಟ್ ಪಟ್ಟಿ ಓದಲು ಕಲಿತರೆ ಉಳಿಯುವುದು ದುಡ್ಡು ಮಾತ್ರವಲ್ಲ

ಬದಿಯಡ್ಕ: ತುಲಾ ತಿಂಗಳ ಗುಡುಗು ಸಿಡಿಲು ಶುರುವಾಯಿತೆಂದರೆ ಕಾಸರಗೋಡಿನ ಹಳ್ಳಿಮನೆಗಳಲ್ಲಿ ಮೊದಲು ನಡೆಯುವ ಕೆಲಸ ಪ್ಲಗ್ ಕೀಳುವುದು. ಟಿವಿ, ಫ್ರಿಜ್, ಮೋಡೆಮ್, ಕಂಪ್ಯೂಟರ್ ಯಾವುದನ್ನೂ ಬಿಡುವುದಿಲ್ಲ. ಬದಿಯಡ್ಕ ಸಮೀಪದ ಅಡಿಕೆ ಕೃಷಿಕರೊಬ್ಬರ ಮನೆಯಲ್ಲೂ ಹಾಗೆಯೇ ಮಾಡಿದ್ದರು. ಮೂರು ವಾರ ಪ್ಲಗ್ ಕಿತ್ತಿಟ್ಟಿದ್ದ ಕಂಪ್ಯೂಟರನ್ನು ಮಳೆ ಬಿಟ್ಟ ಮೇಲೆ ಹಾಕಿ ನೋಡಿದರೆ ವಿಂಡೋಸ್ ಬರಲೇ ಇಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ನಾಲ್ಕಾರು ಸಾಲು ಇಂಗ್ಲಿಷ್. ಅದರಲ್ಲಿ ಕಣ್ಣಿಗೆ ಬಿದ್ದದ್ದು ಒಂದು ಸಾಲು: ‘ಪಿಎಕ್ಸ್‌ಇ-ಇ61: ಮೀಡಿಯಾ ಟೆಸ್ಟ್ ಫೇಲ್ಯೂರ್, ಚೆಕ್ ಕೇಬಲ್’.

“ಕೇಬಲ್ ನೋಡು ಅಂತ ಹೇಳ್ತದೆ. ನಮ್ಮಲ್ಲಿ ನೆಟ್ ಬರುವುದು ವೈಫೈಯಲ್ಲಿ. ಕೇಬಲೇ ಇಲ್ಲದ ಮೇಲೆ ನೋಡುವುದು ಎಂತದು?” ಎಂದು ಮನೆಯ ಯಜಮಾನರು ತಲೆ ಕೆರೆದುಕೊಂಡರು. ಪೇಟೆಯ ರಿಪೇರಿಯವರಿಗೆ ಫೋನ್ ಮಾಡಿ ಸಾಲು ಓದಿ ಹೇಳಿದ್ದೂ ಆಯಿತು. “ಹಾರ್ಡ್‌ಡಿಸ್ಕ್ ಹೋಗಿರಬೇಕು. ತನ್ನಿ, ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿ ನೋಡುವ” ಎಂಬ ಉತ್ತರ ಬಂತು.

ಹೆದರಿಕೆ ಆದದ್ದು ಆಗ. ದಿವಂಗತರಾದ ಅಜ್ಜ ಊರೂರು ತಿರುಗಿ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ತಾಳಮದ್ದಳೆಗಳೆಲ್ಲ ಇದ್ದದ್ದು ಆ ಕಂಪ್ಯೂಟರಿನ ಡಿಸ್ಕಿನಲ್ಲಿ. ಕ್ಯಾಸೆಟ್‌ಗಳಿಗೆ ಬೂಸಲು ಹಿಡಿಯುತ್ತಿದೆ ಎಂದು ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಿ, ಮೂಲ ಕ್ಯಾಸೆಟ್‌ಗಳನ್ನು ಬಿಸಾಡಿ ಆಗಿತ್ತು. ಬೇರೆ ಪ್ರತಿ ಇರಲಿಲ್ಲ. “ಕಂಪ್ಯೂಟರ್ ಹೋದರೆ ಹೋಗಲಿ, ಅವರ ಸ್ವರ ಹೋಗುವುದು ಬೇಡ” ಎಂದು ಅಜ್ಜಿ ಕೂತುಬಿಟ್ಟರು.

ಕೊನೆಗೆ ಆ ಡಿಸ್ಕ್ ಉಳಿಯಿತು. ಅದನ್ನು ಉಳಿಸಿದ್ದು ದೊಡ್ಡ ವಿದ್ಯೆಯೇನೂ ಅಲ್ಲ, ಪರದೆಯ ಮೇಲಿದ್ದುದನ್ನು ಮೊದಲ ಸಾಲಿನಿಂದ ಓದಿದ್ದು.

ಪರದೆಯದ್ದು ತೀರ್ಪಲ್ಲ, ವರದಿ

ಕಂಪ್ಯೂಟರಿನ ಗುಂಡಿ ಒತ್ತಿದ ಕೂಡಲೇ ಎಚ್ಚರವಾಗುವುದು ವಿಂಡೋಸ್ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಕುಳಿತಿರುವ ಸಣ್ಣ ತಂತ್ರಾಂಶ ಮೊದಲು ಏಳುತ್ತದೆ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯೋಸ್ ಎಂದು ಹೆಸರು. 1981ರಲ್ಲಿ ಬಂದ ಐಬಿಎಂ ಪಿಸಿಯಿಂದ ಈ ಪದ್ಧತಿ ಮನೆಮನೆಗೆ ಹರಡಿತು. ಈಚಿನ ಯಂತ್ರಗಳಲ್ಲಿ ಇರುವುದು ಯುಇಎಫ್‌ಐ. ಅದನ್ನು ನೋಡಿಕೊಳ್ಳುವ ಕಂಪನಿಗಳ ಒಕ್ಕೂಟ 2005ರಲ್ಲಿ ಸ್ಥಾಪನೆಯಾಯಿತು. ಹೆಸರು ಯಾವುದಾದರೂ ಕೆಲಸ ಒಂದೇ. ಮೆಮೊರಿ, ಕೀಬೋರ್ಡ್, ಡಿಸ್ಕ್ ಎಲ್ಲ ಇವೆಯೇ ಎಂದು ನೋಡಿಕೊಂಡು, ನಿಜವಾದ ಆಪರೇಟಿಂಗ್ ಸಿಸ್ಟಂ ಎಲ್ಲಿದೆ ಎಂದು ಹುಡುಕಿ, ಅದಕ್ಕೆ ಯಜಮಾನಿಕೆ ಬಿಟ್ಟುಕೊಡುವುದು. ಇದೇ ‘ಬೂಟ್’.

ಹುಡುಕಲಿಕ್ಕೆ ಒಂದು ಕ್ರಮ ಬೇಕಲ್ಲ? ಅದೇ ‘ಬೂಟ್ ಆರ್ಡರ್’ ಎಂಬ ಪಟ್ಟಿ. ಡಿವಿಡಿ, ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್, ನೆಟ್‌ವರ್ಕ್ ಎಂದು ಅದರಲ್ಲಿ ನಾಲ್ಕು ಬಾಗಿಲು ಇರುತ್ತವೆ ಎಂದಿಟ್ಟುಕೊಳ್ಳಿ. ಯಂತ್ರ ಮೊದಲ ಬಾಗಿಲು ತಟ್ಟುತ್ತದೆ. ಅಲ್ಲಿ ಯಾರೂ ಇಲ್ಲವಾದರೆ ಎರಡನೆಯದಕ್ಕೆ ಹೋಗುತ್ತದೆ. ಹೀಗೆ ತಟ್ಟುತ್ತಾ ತಟ್ಟುತ್ತಾ ಕೊನೆಗೆ ನೆಟ್‌ವರ್ಕ್ ಬಾಗಿಲಿಗೆ ಬಂದಾಗ ಅಲ್ಲಿ ತಂತಿಯೇ ಸಿಗದಿದ್ದರೆ ‘ಚೆಕ್ ಕೇಬಲ್’ ಎನ್ನುತ್ತದೆ.

ಅಂದರೆ ಆ ಸಾಲಿನ ಅರ್ಥ ‘ನಿಮ್ಮ ಕೇಬಲ್ ಹಾಳಾಗಿದೆ’ ಎಂದಲ್ಲ, ‘ಡಿಸ್ಕ್ ಸುಟ್ಟಿದೆ’ ಎಂದೂ ಅಲ್ಲ. ‘ಮುಂಚಿನ ಬಾಗಿಲುಗಳಲ್ಲಿ ನನಗೆ ಆಪರೇಟಿಂಗ್ ಸಿಸ್ಟಂ ಸಿಗಲಿಲ್ಲ, ಆದ್ದರಿಂದ ಇಲ್ಲಿಗೆ ಬಂದೆ, ಇಲ್ಲಿಯೂ ಇಲ್ಲ’ ಎಂದು ಅರ್ಥ. ಯಾಕೆ ಸಿಗಲಿಲ್ಲ ಎಂಬುದು ಬೇರೆಯೇ ಪ್ರಶ್ನೆ. ಡಿಸ್ಕ್ ಹಾಳಾಗಿರಬಹುದು, ಅದರ ತಂತಿ ಸಡಿಲವಾಗಿರಬಹುದು, ಇಲ್ಲವೇ ಪಟ್ಟಿಯೇ ತಪ್ಪಿರಬಹುದು.

ನೆಟ್‌ವರ್ಕ್ ಬಾಗಿಲು ಇರುವುದು ಎಂತಕ್ಕೆ?

ಮನೆಯಲ್ಲಿ ಯಾರೂ ಬಳಸದ ಈ ಬಾಗಿಲನ್ನು ಕಂಪನಿಗಳು ಇಟ್ಟದ್ದಾದರೂ ಯಾಕೆ ಎಂಬ ಸಂಶಯ ಸಹಜ. ಉತ್ತರ ಸಿಗುವುದು ಶಾಲೆಯ ಲ್ಯಾಬ್, ಬ್ಯಾಂಕ್, ದೊಡ್ಡ ಕಚೇರಿಗಳಂತಹ ಕಡೆ. ಮೂವತ್ತು ಕಂಪ್ಯೂಟರ್ ಇರುವಲ್ಲಿ ಒಂದೊಂದಕ್ಕೂ ಪೆನ್‌ಡ್ರೈವ್ ಚುಚ್ಚಿ ಆಪರೇಟಿಂಗ್ ಸಿಸ್ಟಂ ಹಾಕುತ್ತಾ ಕೂತರೆ ಎರಡು ದಿನ ಬೇಕು. ಅದರ ಬದಲು ಒಂದೇ ಸರ್ವರಿನಲ್ಲಿ ಎಲ್ಲವನ್ನೂ ಇಟ್ಟು, ಉಳಿದವು ತಂತಿಯ ಮೂಲಕ ತಾವೇ ಎಳೆದುಕೊಳ್ಳುವಂತೆ ಮಾಡಿದರೆ ಕೆಲಸ ಹಗುರ. ಹಾರ್ಡ್‌ಡಿಸ್ಕೇ ಇಲ್ಲದ ಕಂಪ್ಯೂಟರನ್ನೂ ಹೀಗೆ ಓಡಿಸಲಿಕ್ಕೆ ಆಗುತ್ತದೆ.

ಈ ಯೋಚನೆ ಹೊಸತಲ್ಲ. ಡಿಸ್ಕ್ ಇಲ್ಲದ ಯಂತ್ರಗಳು 1980ರ ದಶಕದಲ್ಲೇ ಇದ್ದವು. ಇಂಟೆಲ್ ಕಂಪನಿ ಪಿಎಕ್ಸ್‌ಇ ಎಂಬ ನಿಯಮಾವಳಿಯ 2.1ನೇ ಆವೃತ್ತಿಯನ್ನು 1999ರಲ್ಲಿ ಹೊರತಂದ ಮೇಲೆ ಸಾಮಾನ್ಯ ಪಿಸಿಗಳಿಗೂ ಇದು ಬಂತು. ಅದೇ 1999ರಲ್ಲಿ ಆರಂಭವಾದ ಎಲ್‌ಟಿಎಸ್‌ಪಿ ಎಂಬ ಮುಕ್ತ ತಂತ್ರಾಂಶ ಯೋಜನೆ, ಹಳೆಯ ಕಂಪ್ಯೂಟರ್‌ಗಳನ್ನು ಲಿನಕ್ಸ್ ಸರ್ವರಿನ ಆಶ್ರಯದಲ್ಲಿ ಓಡಿಸುವ ದಾರಿ ತೋರಿಸಿತು. ನಾರ್ವೆಯಲ್ಲಿ 2001ರಲ್ಲಿ ಶಾಲೆಗಳಿಗಾಗಿಯೇ ಹುಟ್ಟಿದ ಸ್ಕೂಲೆಲಿನಕ್ಸ್ ಕೂಡ ಡಿಸ್ಕ್ ಇಲ್ಲದ ಯಂತ್ರಗಳನ್ನು ನೆಟ್‌ವರ್ಕಿನಿಂದ ಎಬ್ಬಿಸುವ ಸೌಲಭ್ಯ ಕೊಟ್ಟಿದೆ.

ಕೆಲಸ ನಡೆಯುವ ರೀತಿ ಹೀಗೆ. ಶಾಲೆಗೆ ಹೊಸದಾಗಿ ಸೇರಿದ ಹುಡುಗ ಪುಸ್ತಕವಿಲ್ಲದೆ ಗೇಟಿನಲ್ಲಿ ನಿಂತು “ಯಾರಾದರೂ ಇದ್ದೀರಾ?” ಎಂದು ಕೂಗುತ್ತಾನೆ ಎನ್ನಿ. ಆಫೀಸಿನವರು ಹೊರಗೆ ಬಂದು ಅವನಿಗೊಂದು ರೋಲ್ ನಂಬ್ರ ಕೊಟ್ಟು, “ಪುಸ್ತಕ ಆ ಕೋಣೆಯಲ್ಲಿ ಉಂಟು, ಇಂಥ ಹೆಸರಿನದ್ದು ಕೇಳು” ಎನ್ನುತ್ತಾರೆ. ಅವನು ಹೋಗಿ ತರುತ್ತಾನೆ. ಕಂಪ್ಯೂಟರ್ ಮಾಡುವುದೂ ಇದನ್ನೇ. ನೆಟ್‌ವರ್ಕ್ ಕಾರ್ಡ್ ತಂತಿಯ ಮೇಲೆ ಕೂಗು ಹಾಕುತ್ತದೆ. ಡಿಎಚ್‌ಸಿಪಿ ಎಂಬ ಸೇವೆ ವಿಳಾಸ ಕೊಡುತ್ತದೆ, ಯಾವ ಸರ್ವರಿನಿಂದ ಯಾವ ಕಡತ ತರಬೇಕು ಎಂದೂ ಹೇಳುತ್ತದೆ. ಟಿಎಫ್‌ಟಿಪಿ ಎಂಬ ಸರಳ ವಿಧಾನದಲ್ಲಿ ಆ ಸಣ್ಣ ಕಡತ ಬರುತ್ತದೆ. ಅದು ದೊಡ್ಡ ಕಡತಗಳನ್ನು ಎಳೆದುಕೊಳ್ಳುತ್ತದೆ.

ಎಲ್ಲಿ ನಿಂತಿತು ಎಂಬುದನ್ನು ಸಂದೇಶದ ನಂಬ್ರವೇ ಹೇಳುತ್ತದೆ. ಇ61 ಎಂದರೆ ತಂತಿಯೇ ಸಿಕ್ಕಿಲ್ಲ. ಇ51 ಎಂದರೆ ತಂತಿ ಇದೆ, ಆದರೆ ಕೂಗಿದ್ದಕ್ಕೆ ಯಾರೂ ಓಗೊಡಲಿಲ್ಲ. ಇ53 ಎಂದರೆ ವಿಳಾಸ ಸಿಕ್ಕಿತು, ಕಡತದ ಹೆಸರನ್ನು ಯಾರೂ ಹೇಳಲಿಲ್ಲ. ಮನೆಯ ಮೋಡೆಮ್‌ಗೆ ತಂತಿ ಚುಚ್ಚಿದ ಕಂಪ್ಯೂಟರಿನಲ್ಲಿ ಇ53 ಕಂಡರೆ ಗಾಬರಿಯಾಗಬೇಕಿಲ್ಲ. ಮೋಡೆಮ್ ವಿಳಾಸ ಕೊಡುತ್ತದೆ, ಆಪರೇಟಿಂಗ್ ಸಿಸ್ಟಂ ಕೊಡುವ ಕೆಲಸ ಅದರದ್ದಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಸಂಗತಿ ‘ಸ್ಟಾರ್ಟ್ ಪಿಎಕ್ಸ್‌ಇ ಓವರ್ ಐಪಿವಿ4’ ಎಂಬ ಸಾಲಾಗಿ ಕಾಣುತ್ತದೆ. ಅಲ್ಲಿಯೂ ಅರ್ಥ ಒಂದೇ: ಡಿಸ್ಕಿನ ಬಾಗಿಲು ದಾಟಿ ಬಂದಾಯಿತು.

ಪಕ್ಕದ ಮನೆಯ ಹುಡುಗಿ ಕಂಡದ್ದು

ಬದಿಯಡ್ಕದ ಆ ಮನೆಗೆ ಬಂದು ನೋಡಿದ್ದು ಪಕ್ಕದ ಮನೆಯ ಒಂಬತ್ತನೇ ತರಗತಿಯ ಹುಡುಗಿ. ಕನ್ನಡ ಮಾಧ್ಯಮದವಳು, ಶಾಲೆಯ ‘ಲಿಟಲ್ ಕೈಟ್ಸ್’ ಕ್ಲಬ್ಬಿನ ಸದಸ್ಯೆ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭವಾಯಿತು. 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. ಮಕ್ಕಳ ಈ ಕ್ಲಬ್ಬು ಆರಂಭವಾದದ್ದು 2018ರಲ್ಲಿ. ಶಾಲೆಗಳಲ್ಲಿ ಬಳಸುವುದು ಲಿನಕ್ಸ್ ಆದ್ದರಿಂದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸುವುದು, ಬೂಟ್ ಮೆನು ತೆರೆಯುವುದು ಈ ಮಕ್ಕಳಿಗೆ ಅಪರಿಚಿತವೇನಲ್ಲ.

“ಮಾವ, ಮೊದಲಿಂದ ಹಾಕಿ, ಎಂತ ಬರ್ತದೆ ನೋಡುವ” ಎಂದಳು. ಗುಂಡಿ ಒತ್ತಿದಾಗ ‘ಚೆಕ್ ಕೇಬಲ್’ ಬರುವ ಮುಂಚೆ ಇನ್ನೊಂದು ಸಾಲು ಬಂತು. ‘ಸಿಮಾಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್’, ಮುಂದುವರಿಯಲು ಎಫ್1 ಒತ್ತಿ ಎಂದು. ಮನೆಯವರು ದಿನವೂ ಎಫ್1 ಒತ್ತಿ ಮುಂದೆ ಹೋಗುತ್ತಿದ್ದರೇ ಹೊರತು ಅದನ್ನು ಓದಿರಲಿಲ್ಲ.

ಹುಡುಗಿ ಎಫ್1ರ ಬದಲು ಡಿಲೀಟ್ ಒತ್ತಿ ಸೆಟಪ್ ಒಳಗೆ ಹೋದಳು. ಅಲ್ಲಿ ತಾರೀಕು 2011ರ ಜನವರಿ 1 ಎಂದಿತ್ತು. “ಮಾವ, ಗಡಿಯಾರ ಹಿಂದೆ ಹೋಗಿದೆ. ಒಳಗಿನ ಸೆಲ್ ಮುಗಿದದ್ದು” ಎಂದಳು. ಡಿಸ್ಕ್‌ಗಳ ಪಟ್ಟಿ ನೋಡಿದರೆ ಎರಡೂ ಜೀವಂತ. 500 ಜಿಬಿಯ ಹಳೆಯ ಹಾರ್ಡ್‌ಡಿಸ್ಕ್ ಒಂದು. 2019ರಲ್ಲಿ ವೇಗಕ್ಕಾಗಿ ಹಾಕಿಸಿದ 240 ಜಿಬಿಯ ಎಸ್‌ಎಸ್‌ಡಿ ಇನ್ನೊಂದು. ವಿಂಡೋಸ್ ಇದ್ದದ್ದು ಎಸ್‌ಎಸ್‌ಡಿಯಲ್ಲಿ. ಬೂಟ್ ಪಟ್ಟಿಯಲ್ಲಿ ಮೊದಲು ನಿಂತದ್ದು ಹಳೆಯ ಡಿಸ್ಕ್. ಅದರಲ್ಲಿ ಇದ್ದದ್ದು ಅಜ್ಜನ ತಾಳಮದ್ದಳೆ ಮಾತ್ರ.

ಈಗ ಕತೆ ಬಿಡಿಸಿಕೊಂಡಿತು. ಮದರ್‌ಬೋರ್ಡಿನಲ್ಲಿ ನಾಣ್ಯದಂತಹ ಒಂದು ಸೆಲ್ ಇರುತ್ತದೆ. ಸಾಮಾನ್ಯವಾಗಿ ಸಿಆರ್2032 ಎಂಬ ಮೂರು ವೋಲ್ಟಿನದ್ದು. ಗಡಿಯಾರ ಓಡಿಸುವುದು, ಹಳೆಯ ಯಂತ್ರಗಳಲ್ಲಿ ಸೆಟಪ್ ಆಯ್ಕೆಗಳನ್ನು ನೆನಪಿಡುವುದು ಅದರ ಕೆಲಸ. ಪ್ಲಗ್ ಚುಚ್ಚಿಟ್ಟಿರುವಾಗ ಕಂಪ್ಯೂಟರ್ ಆಫ್ ಇದ್ದರೂ ಸ್ವಲ್ಪ ಕರೆಂಟ್ ಬರುತ್ತಿರುವುದರಿಂದ ಸೆಲ್ ಮೇಲೆ ಭಾರ ಬೀಳುವುದಿಲ್ಲ. ಸಿಡಿಲಿಗೆ ಹೆದರಿ ವಾರಗಟ್ಟಲೆ ಪ್ಲಗ್ ಕಿತ್ತಿಟ್ಟಾಗ ಹಳೆಯ ಸೆಲ್ ಕೈ ಕೊಟ್ಟಿತು. ‘ಎಸ್‌ಎಸ್‌ಡಿ ಮೊದಲು’ ಎಂದು ಯಾರೋ 2019ರಲ್ಲಿ ಬರೆದಿಟ್ಟ ಕ್ರಮ ಅಳಿದು, ಕಾರ್ಖಾನೆಯ ಕ್ರಮ ಬಂದು ಕೂತಿತು.

ಹುಡುಗಿ ಎಸ್‌ಎಸ್‌ಡಿಯನ್ನು ಮೇಲಕ್ಕೆ ತಂದು ಎಫ್10 ಒತ್ತಿದಳು. ವಿಂಡೋಸ್ ಬಂತು. ಅಜ್ಜಿಯ ಮುಖ ಅರಳಿತು.

“ಫಾರ್ಮ್ಯಾಟ್ ಮಾಡಿಸಲಿಕ್ಕೆ ಕೊಟ್ಟಿದ್ದರೆ ಪಟ್ಟಿಯಲ್ಲಿ ಮೊದಲು ಕಾಣುವ ಡಿಸ್ಕಿಗೇ ವಿಂಡೋಸ್ ಹಾಕ್ತಿದ್ದರೋ ಏನೋ. ನೆನೆಸಿದರೆ ಮೈ ಜುಂ ಅಂತದೆ” ಎನ್ನುತ್ತಾರೆ ಮನೆಯ ಯಜಮಾನರು. ಅಂಗಡಿಯವರದ್ದು ತಪ್ಪು ಎನ್ನುವಂತೆಯೂ ಇಲ್ಲ. ಫೋನಿನಲ್ಲಿ ಅವರಿಗೆ ಹೇಳಿದ್ದು ಕೊನೆಯ ಸಾಲನ್ನು ಮಾತ್ರ.

ಕೈ ಹಾಕುವ ಮುಂಚೆ

ಸೆಟಪ್ ಒಳಗೆ ಹೋಗುವ ಕೀಲಿ ಕಂಪನಿಗೊಂದು. ಜೋಡಿಸಿದ ಕಂಪ್ಯೂಟರ್‌ಗಳಲ್ಲಿ ಹೆಚ್ಚಾಗಿ ಡಿಲೀಟ್, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10. ಒಂದು ಸಲಕ್ಕೆ ಮಾತ್ರ ಬೇರೆ ಬಾಗಿಲು ಆರಿಸಲು ಬೂಟ್ ಮೆನು ಸಾಕು: ಡೆಲ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಬೂಟ್ ಮೆನುವಿನಲ್ಲಿ ಆರಿಸಿದ್ದು ಶಾಶ್ವತವಲ್ಲ, ಮುಂದಿನ ಸಲ ಹಳೆಯ ಕ್ರಮವೇ ಇರುತ್ತದೆ. ಹೊಸಬರಿಗೆ ಇದೇ ಕ್ಷೇಮ.

ಸೆಟಪ್ ಒಳಗೆ ಏನನ್ನಾದರೂ ಬದಲಿಸುವ ಮುಂಚೆ ಮೊಬೈಲಿನಲ್ಲಿ ಪ್ರತಿ ಪುಟದ ಫೋಟೊ ತೆಗೆದಿಡಿ. ಏನೋ ತಪ್ಪಾಯಿತು ಎನಿಸಿದರೆ ಉಳಿಸದೆ ಹೊರಗೆ ಬರುವ ಆಯ್ಕೆ ಇದ್ದೇ ಇರುತ್ತದೆ.

ಹೊಸ ಯಂತ್ರಗಳಲ್ಲಿ ಡಿಸ್ಕಿನ ಹೆಸರಿನ ಬದಲು ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂದು ಕಾಣಬಹುದು. ಹಳೆಯ ಬಯೋಸ್ ಡಿಸ್ಕಿನ ಮೊದಲ 512 ಬೈಟ್ ಓದಿ ಮುಂದೆ ಹೋಗುತ್ತಿತ್ತು. ಯುಇಎಫ್‌ಐ ಹಾಗಲ್ಲ. ಡಿಸ್ಕಿನಲ್ಲಿ ಬೂಟ್‌ಗೆಂದೇ ಮೀಸಲಾದ ಒಂದು ಸಣ್ಣ ಭಾಗದಿಂದ ಕಡತವನ್ನು ಹೆಸರು ಹಿಡಿದು ಕರೆಯುತ್ತದೆ. ಆದ್ದರಿಂದ ‘ಲೆಗಸಿ’ ಮತ್ತು ‘ಯುಇಎಫ್‌ಐ’ ಎಂಬ ಆಯ್ಕೆಯನ್ನು ಸುಮ್ಮನೆ ಅದಲು ಬದಲು ಮಾಡಿದರೆ ಚೆನ್ನಾಗಿದ್ದ ವಿಂಡೋಸೂ ಏಳುವುದಿಲ್ಲ. ‘ಸಾಟಾ ಮೋಡ್’ ಎಂಬುದನ್ನು ಮುಟ್ಟಿದರೂ ಇದೇ ಗತಿ. ‘ಸೆಕ್ಯೂರ್ ಬೂಟ್’ ಎಂದರೆ ಸಹಿ ಇಲ್ಲದ ಅಪರಿಚಿತ ತಂತ್ರಾಂಶ ಬಾಗಿಲಲ್ಲಿ ನುಗ್ಗದಂತೆ ತಡೆಯುವ ಕಾವಲು. ಕಾರಣವಿಲ್ಲದೆ ಅದನ್ನು ತೆಗೆಯಬಾರದು.

ಬಿಟ್‌ಲಾಕರ್ ಬೀಗ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೂ ಜಾಗ್ರತೆ ಬೇಕು. ಬೂಟ್ ಆಯ್ಕೆ ಬದಲಿಸಿದರೆ ಅದು 48 ಅಂಕಿಗಳ ಕೀಲಿ ಸಂಖ್ಯೆ ಕೇಳಬಹುದು. ಆ ಸಂಖ್ಯೆ ಮೊದಲೇ ಬರೆದಿಟ್ಟಿರದಿದ್ದರೆ ಒಳಗಿನ ಫೋಟೊ, ಕಾಗದಪತ್ರ ಕೈಗೆ ಸಿಗುವುದೇ ಕಷ್ಟ.

“ನೆಟ್‌ವರ್ಕ್ ಬೂಟ್ ಆಫ್ ಮಾಡಿದರೆ ಇಂಟರ್‌ನೆಟ್ ಹೋಗ್ತದಾ?” ಎಂಬುದು ಹಲವರ ಸಂಶಯ. ಹೋಗುವುದಿಲ್ಲ. ಅದು ಯಂತ್ರ ಏಳುವ ಹೊತ್ತಿನ ವಿಷಯ ಮಾತ್ರ. ವಿಂಡೋಸ್ ಎದ್ದ ಮೇಲೆ ನೆಟ್ ಎಂದಿನಂತೆ ಇರುತ್ತದೆ. ಆದರೆ ಕೆಲವು ಸೆಟಪ್‌ಗಳಲ್ಲಿ ‘ಲ್ಯಾನ್ ಕಂಟ್ರೋಲರ್’ ಎಂದೂ ‘ಲ್ಯಾನ್ ಬೂಟ್’ ಎಂದೂ ಎರಡು ಸಾಲು ಹತ್ತಿರ ಹತ್ತಿರ ಇರುತ್ತವೆ. ಮೊದಲನೆಯದನ್ನು ಆಫ್ ಮಾಡಿದರೆ ತಂತಿಯ ನೆಟ್ ನಿಜವಾಗಿಯೂ ಹೋಗುತ್ತದೆ. ಮುಟ್ಟಬೇಕಾದದ್ದು ಎರಡನೆಯದು. ಮನೆಯ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಬೂಟ್ ಆಫ್ ಇದ್ದರೆ, ಅಥವಾ ಪಟ್ಟಿಯ ಕೊನೆಯಲ್ಲಿದ್ದರೆ ಸಾಕು. ಹಳೆಯ ಪಿಎಕ್ಸ್‌ಇ ಕೂಗಿಗೆ ಅದೇ ನೆಟ್‌ವರ್ಕಿನಲ್ಲಿರುವ ಯಾರು ಬೇಕಾದರೂ ಉತ್ತರ ಕೊಡಬಹುದು, ಕೊಟ್ಟವರು ಯಾರೆಂದು ಯಂತ್ರ ವಿಚಾರಿಸುವುದಿಲ್ಲ. ಬೇಡದ ಬಾಗಿಲು ಮುಚ್ಚಿರುವುದೇ ಒಳ್ಳೆಯದು.

ಈಗಲೇ ಯಾಕೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. 2021ರಲ್ಲಿ ಬಂದ ವಿಂಡೋಸ್ 11 ಯುಇಎಫ್‌ಐ, ಸೆಕ್ಯೂರ್ ಬೂಟ್ ಸೌಲಭ್ಯ, ಟಿಪಿಎಂ 2.0 ಎಲ್ಲವನ್ನೂ ಕೇಳುತ್ತದೆ. ಹತ್ತು ಹನ್ನೆರಡು ವರ್ಷದ ಹಳೆಯ ಯಂತ್ರಗಳಲ್ಲಿ ಅವೆಲ್ಲ ಇರುವುದು ಅಪರೂಪ. ಗುಜರಿಗೆ ಹಾಕುವುದಕ್ಕಿಂತ ಲಿನಕ್ಸ್ ಹಾಕಿ ಇನ್ನೂ ನಾಲ್ಕು ವರ್ಷ ಓಡಿಸುವ ಎಂದು ಹೊರಡುವವರು ಪೆನ್‌ಡ್ರೈವ್ ಹಿಡಿದು ಮೊದಲು ಹೋಗಬೇಕಾದ ಜಾಗ ಇದೇ ಬೂಟ್ ಪಟ್ಟಿ.

ಅಲ್ಲಿ ಕನ್ನಡ ಇಲ್ಲ. ಮಲಯಾಳವೂ ಇಲ್ಲ. ಗಡಿನಾಡಿನ ಮನೆಗಳಲ್ಲಿ ಹಿರಿಯರಿಗೆ ಬರುವುದು ಕನ್ನಡ, ತುಳು. ಕಚೇರಿ ಕಾಗದ ಮಲಯಾಳದ್ದು. ಕಂಪ್ಯೂಟರ್ ಕೈಕೊಟ್ಟಾಗ ಮಾತಾಡುವುದು ಇಂಗ್ಲಿಷ್. ನಡುವೆ ಸೇತುವೆಯಾಗುತ್ತಿರುವವರು ಶಾಲೆಯಲ್ಲಿ ಕನ್ನಡದ ಐಸಿಟಿ ಪಠ್ಯಪುಸ್ತಕ ಓದಿದ ಮಕ್ಕಳು. ಮನೆಯಲ್ಲಿ ಅಂಥ ಮಕ್ಕಳಿದ್ದರೆ ಒಂದು ಭಾನುವಾರ ಜೊತೆಗೆ ಕೂತು ಸೆಟಪ್ ಪುಟಗಳನ್ನು ಓದಿಸಿ, ‘ಇದು ವಿಂಡೋಸ್ ಇರುವ ಡಿಸ್ಕ್, ಇದು ಫೋಟೊ ಇರುವ ಡಿಸ್ಕ್’ ಎಂದು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆಸಿ ಕಂಪ್ಯೂಟರಿನ ಬದಿಗೆ ಅಂಟಿಸಿಟ್ಟರೆ ಕಷ್ಟಕಾಲಕ್ಕೆ ಅದೇ ದಾರಿ ತೋರಿಸುತ್ತದೆ. ರಿಪೇರಿಗೆ ಕೊಡುವಾಗ ಫೋಟೊ ಇರುವ ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಲಿಕ್ಕೂ ಆ ಚೀಟಿ ಸಾಕು.

ಬದಿಯಡ್ಕದ ಮನೆಯಲ್ಲಿ ಮರುದಿನವೇ ನೂರು ರೂಪಾಯಿಗೂ ಕಡಿಮೆಯ ಹೊಸ ಸೆಲ್ ಬಂತು. ಅದನ್ನು ಹಾಕಿ, ತಾರೀಕು ಸರಿಮಾಡಿ, ನೆಟ್‌ವರ್ಕ್ ಬೂಟ್ ಆಫ್ ಮಾಡಿದ್ದಾಯಿತು. ಅಜ್ಜನ ತಾಳಮದ್ದಳೆಗಳನ್ನು ಎರಡು ಹೊರ ಡಿಸ್ಕ್‌ಗಳಿಗೆ ಪ್ರತಿ ಮಾಡಿ, ಒಂದನ್ನು ಪುತ್ತೂರಿನಲ್ಲಿರುವ ಮಗಳ ಮನೆಗೆ ಕಳುಹಿಸಲಾಗಿದೆ. ಸಿಡಿಲು ಬಂದಾಗ ಪ್ಲಗ್ ಕೀಳುವುದನ್ನು ಮಾತ್ರ ಅವರು ಬಿಟ್ಟಿಲ್ಲ. ಬಿಡಲೂಬಾರದು.